ವಾಸನೆ ಖಾಲಿ ಮಾಡಿದವರು ಯಾರು?

"ಯಾರೇ ಮೂಸಿದ್ದು? ನಿಜ ಹೇಳು!"

ಗುಬ್ಬಿಯ ಬಾಯಿತುಂಬ ಪೇಸ್ಟಿನ ನೊರೆ. ಬ್ರಷ್ ಹಿಡಿದುಕೊಂಡೇ ಅವಳು ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಐದು ವರ್ಷ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅಕ್ಕನಿಗೆ ಹತ್ತು.

"ಮೂಸಿದ್ಯಾ ಇಲ್ವಾ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಕತೆ ಬೇಡ."

ಗುಬ್ಬಿ ನೊರೆ ಉಗುಳಿದಳು. "ಒಂದೇ ಒಂದ್ ಸಲ ಅಕ್ಕಾ."

"ಸಿಕ್ಕಿಬಿದ್ದೆ ನೋಡು!"

ಮನೆಯಲ್ಲಿ ಎಲ್ಲರೂ ಅಕ್ಕನನ್ನು ಇನ್ಸ್‌ಪೆಕ್ಟರ್ ಎಂದೇ ಕರೆಯುತ್ತಿದ್ದರು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಸ್ವಲ್ಪ ಓರೆಯಾಗಿದ್ದರೂ ಸಾಕು, ಅವಳ ವಿಚಾರಣೆ ಶುರುವಾಗುತ್ತಿತ್ತು. ಒಮ್ಮೆ ಅಮ್ಮ ಶಾಲೆಯ ಮೀಟಿಂಗಿನಲ್ಲಿ ಬಾಯಿತಪ್ಪಿ ಹಾಗೆ ಕರೆದುಬಿಟ್ಟಳು. ಅವತ್ತಿನಿಂದ ಶಾಲೆಯಲ್ಲೂ ಅದೇ ಹೆಸರು.

ಇವತ್ತಿನ ಕೇಸು ಬಹಳ ದೊಡ್ಡದು. ಅಡುಗೆಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಮಾರು ಅಗಲದ ಜಾಗವಿತ್ತು. ಅಲ್ಲಿ ಮಧ್ಯಾಹ್ನದ ಬಿಸಿಲು ಬೀಳುತ್ತಿರಲಿಲ್ಲ. ಆ ನೆರಳಿನಲ್ಲಿ ಇನ್ಸ್‌ಪೆಕ್ಟರ್ ವಯೊಲೆಟ್ ಗಿಡ ಬೆಳೆಸಿದ್ದಳು. ಹೃದಯದ ಆಕಾರದ ಎಲೆ, ನೆಲಕ್ಕೆ ಅಂಟಿಕೊಂಡು ಬೆಳೆಯುವ ಪುಟ್ಟ ಗಿಡ. ಮೂಲೆಮನೆಯ ಅಜ್ಜಿ ಊರು ಬಿಟ್ಟು ಹೋಗುವಾಗ ಒಂದು ಬೇರಿನ ತುಂಡನ್ನು ಪ್ಲಾಸ್ಟಿಕ್ ಲೋಟದಲ್ಲಿಟ್ಟು ಕೊಟ್ಟಿದ್ದರು. "ಇದರ ಪರಿಮಳ ನೋಡ್ತಿರು ಮಗೂ, ಬೇರೆ ಯಾವ ಹೂವಿಗೂ ಇಲ್ಲ" ಎಂದಿದ್ದರು.

ಪರಿಮಳ ನೋಡಲು ಇನ್ಸ್‌ಪೆಕ್ಟರ್ ಒಂದೂವರೆ ವರ್ಷ ಕಾದಳು. ಆ ಕಾಯುವಿಕೆಯನ್ನು ನೆನೆದರೆ ಈಗಲೂ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಮೊದಲು ಬರೀ ಎಲೆ. ಎಲೆ ಚೆನ್ನಾಗಿ ಬಂತು ಅನ್ನುವಷ್ಟರಲ್ಲಿ ಬಸವನಹುಳುಗಳು ಬಂದು ಅದನ್ನು ಜರಡಿ ಮಾಡಿದವು. ಆಮೇಲೆ ಬೇಸಗೆಯಲ್ಲಿ ಮೊಗ್ಗು ಕಾಣಿಸಿತು. ಇನ್ಸ್‌ಪೆಕ್ಟರ್ ಕುಣಿದಾಡಿದಳು. ಆ ಮೊಗ್ಗುಗಳು ಅರಳಲೇ ಇಲ್ಲ! ಹಸಿರಾಗಿ ಮುಚ್ಚಿಕೊಂಡೇ ಇದ್ದು, ಒಳಗೊಳಗೇ ಬೀಜ ಕಟ್ಟಿಕೊಂಡು, ಒಂದು ದಿನ ಪಟ್ ಎಂದು ಒಡೆದು ಬೀಜ ಚೆಲ್ಲಿದವು. "ಇದೆಂಥಾ ಗಿಡಾನಪ್ಪಾ! ಹೂವೇ ಬಿಡದೆ ಕಾಯಿ ಬಿಡುತ್ತಲ್ಲ!" ಎಂದು ಅವಳು ತಲೆ ತಲೆ ಚಚ್ಚಿಕೊಂಡಳು. ಅಪ್ಪ ನಕ್ಕಿದ್ದಕ್ಕೆ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು.

ಕೊನೆಗೂ ಚಳಿ ಕಳೆಯುವ ಹೊತ್ತಿಗೆ, ಇವತ್ತು ಬೆಳಿಗ್ಗೆ, ಎಲೆಗಳ ಕೆಳಗೆ ತಲೆ ತಗ್ಗಿಸಿಕೊಂಡು ನಾಲ್ಕು ನೇರಳೆ ಹೂಗಳು ಅರಳಿದ್ದವು. ಇನ್ಸ್‌ಪೆಕ್ಟರ್ ಮೊಣಕಾಲೂರಿ, ಕೆನ್ನೆ ಮಣ್ಣಿಗೆ ತಾಗುವಷ್ಟು ಬಗ್ಗಿ ಮೂಸಿದಳು. ಅಬ್ಬಾ! ತಂಪಾದ, ಸಿಹಿಯಾದ ಪರಿಮಳ. ಅದು ಮೂಗಿನೊಳಗೆ ಹೋಗಿ ಎದೆಯವರೆಗೂ ಇಳಿಯಿತು. ಅವಳು ಕಣ್ಣು ಮುಚ್ಚಿ ಇನ್ನೊಂದು ಸಲ ಜೋರಾಗಿ ಎಳೆದುಕೊಂಡಳು.

ಏನೂ ಇಲ್ಲ.

ಮತ್ತೊಮ್ಮೆ ಮೂಸಿದಳು. ಬರೀ ಒದ್ದೆ ಮಣ್ಣಿನ ವಾಸನೆ. ಹೂವಿಗೆ ಮೂಗು ಉಜ್ಜಿ ಮೂಸಿದರೂ ಇಲ್ಲ. ಪರಿಮಳ ಖಾಲಿ!

ಖಾಲಿ ಅಂದ ಕೂಡಲೇ ಇನ್ಸ್‌ಪೆಕ್ಟರಿಗೆ ನೆನಪಾದದ್ದು ಗುಬ್ಬಿ. ಯಾಕೆಂದರೆ ಆ ಮನೆಯಲ್ಲಿ ಏನೇ ಖಾಲಿಯಾದರೂ ಅದರ ಹಿಂದೆ ಗುಬ್ಬಿಯ ಕೈ ಇರುತ್ತಿತ್ತು. ಗೊಂಬೆಗೆ ಸ್ನಾನ ಮಾಡಿಸಿ ಶಾಂಪೂ ಖಾಲಿ ಮಾಡಿದ್ದಳು. ಮುಚ್ಚಳ ಹಾಕದೆ ಬಿಟ್ಟು ಹನ್ನೆರಡು ಸ್ಕೆಚ್ ಪೆನ್ನು ಒಣಗಿಸಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ಸ್‌ಪೆಕ್ಟರಿಗೆ ಬಹುಮಾನ ಬಂದಿದ್ದ ಸ್ಟ್ರಾಬೆರಿ ವಾಸನೆಯ ರಬ್ಬರನ್ನು ವಾರವಿಡೀ ಮೂಸಿ ಮೂಸಿ, ಅದರಲ್ಲಿ ವಾಸನೆಯ ಸುಳಿವೂ ಇಲ್ಲದ ಹಾಗೆ ಮಾಡಿದ್ದಳು. ಸಾಕ್ಷಿಗೆ ಇನ್ನೇನು ಬೇಕು?

"ನಾನು ಖಾಲಿ ಮಾಡಿಲ್ಲ ಅಕ್ಕಾ" ಎಂದಳು ಗುಬ್ಬಿ. "ಒಂದ್ ಸಲ ಮೂಸ್ದೆ. ಎಷ್ಟು ಚೆನ್ನಾಗಿತ್ತು. ಅಷ್ಟೇ."

"ರಬ್ಬರಿನ ವಿಷಯದಲ್ಲೂ ಇದನ್ನೇ ಹೇಳಿದ್ದೆ ನೀನು."

"ರಬ್ಬರ್ ನಾನೇ ಖಾಲಿ ಮಾಡಿದ್ದು. ಇದು ನಾನಲ್ಲ."

"ಹಾಗಾದ್ರೆ ಯಾರು? ಬಸವನಹುಳುವಾ? ಅದಕ್ಕೆ ಮೂಗಿದ್ಯಾ?"

ಗುಬ್ಬಿಗೆ ಬಸವನಹುಳುವಿನ ಮೂಗಿನ ವಿಷಯ ಗೊತ್ತಿರಲಿಲ್ಲ. ಅವಳು ಸುಮ್ಮನಾದಳು. ಸುಮ್ಮನಾದರೆ ಒಪ್ಪಿಕೊಂಡ ಹಾಗೆ ಎಂಬುದು ಇನ್ಸ್‌ಪೆಕ್ಟರ್ ಕಾನೂನು.

ಅಡುಗೆಮನೆಯಲ್ಲಿ ಅಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಟೀ ಕುಡಿಯುತ್ತಿದ್ದಳು. ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನಕ್ಕೆ ಮುನ್ನೂರು ಬೆಡ್‌ಶೀಟು ಒಗೆದು, ಒಣಗಿಸಿ, ಮಡಿಸಬೇಕು. ಎರಡೂ ಕೈಯಲ್ಲಿ ಬ್ಲೀಚಿನ ವಾಸನೆ ಯಾವಾಗಲೂ ಇರುತ್ತಿತ್ತು.

"ಅಮ್ಮಾ, ಇವಳು ನನ್ನ ಹೂವಿನ ವಾಸನೆಯೆಲ್ಲಾ ಖಾಲಿ ಮಾಡಿದ್ದಾಳೆ!"

"ಬೆಳಿಗ್ಗೆ ಎದ್ದು ಮುಖ ತೊಳೀಲಿಲ್ಲ, ಆಗಲೇ ಶುರುವಾಯ್ತಾ ನಿಮ್ಮ ರಾಮಾಯಣ?"

"ಆಗ ವಾಸನೆ ಇತ್ತಮ್ಮಾ, ಈಗಿಲ್ಲ!"

"ಲಾಂಡ್ರಿ ಒಳಗೆ ಕಾಲಿಟ್ಟಾಗ ಬ್ಲೀಚ್ ಘಾಟು ಕಣ್ಣಲ್ಲಿ ನೀರು ತರಿಸುತ್ತೆ. ಹತ್ತು ನಿಮಿಷ ಆದ್ರೆ ಅದೂ ಗೊತ್ತಾಗಲ್ಲ."

"ನಾನು ಹೂವಿನ ವಿಷಯ ಹೇಳ್ತಿದ್ರೆ ನೀನು ಬ್ಲೀಚ್ ವಿಷಯ ಹೇಳ್ತೀಯಲ್ಲಮ್ಮಾ! ಈ ಮನೇಲಿ ನನ್ನ ಮಾತು ಕೇಳೋರೇ ಇಲ್ಲ!"

"ಕೇಳಿಸ್ಕೊಂಡೇ ನಂಗೆ ಬಸ್ಸು ತಪ್ಪೋದು ಇನ್ಸ್‌ಪೆಕ್ಟ್ರೇ" ಎಂದು ಅಮ್ಮ ಲೋಟವಿಟ್ಟು ಓಡಿದಳು.

ಅಪ್ಪನನ್ನು ಕೇಳಿ ಪ್ರಯೋಜನವಿರಲಿಲ್ಲ. ಅಪ್ಪ ಲಾರಿ ರಿಪೇರಿ ಮಾಡುವ ಗ್ಯಾರೇಜಿನ ಮೆಕ್ಯಾನಿಕ್. ಹೂವಿನ ಹತ್ತಿರ ಮೂಗು ತಂದು, "ಚೆನ್ನಾಗಿದೆಯಮ್ಮಾ, ಗ್ರೀಸ್ ಥರ ಇದೆ" ಎಂದ. ಮೀಸೆಯ ಮೇಲೆ ನಿಜವಾಗಲೂ ಗ್ರೀಸ್ ಇತ್ತು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಆಸೆಯಿಲ್ಲದೆ ಹಿತ್ತಲಿಗೆ ಹೋಗಿ ಬಗ್ಗಿದಳು. ಪರಿಮಳ ವಾಪಸ್ ಬಂದಿತ್ತು! ಎರಡನೆಯ ಸಲ ಮೂಸಿದರೆ ಮತ್ತೆ ಖಾಲಿ. ಅವಳು ಅಲ್ಲೇ ಕುಳಿತು ಯೋಚಿಸಿದಳು. ಯೋಚಿಸುತ್ತಾ ಅವಳ ಕಣ್ಣು ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನತ್ತ ಹೋಯಿತು. ಟ್ಯಾಂಕು ದಿನಕ್ಕೊಂದು ಸಲ ತುಂಬುತ್ತದೆ. ಗುಬ್ಬಿ ನಲ್ಲಿ ತಿರುಗಿಸಿ ಬಿಟ್ಟರೆ ಸಂಜೆಗೆ ಖಾಲಿ. ಹೂವೂ ಹಾಗೇ! ಇಡೀ ರಾತ್ರಿ ವಾಸನೆ ತುಂಬಿಕೊಳ್ಳುತ್ತದೆ, ಬೆಳಿಗ್ಗೆ ಯಾರಾದರೂ ಮೂಸಿದರೆ ಮುಗಿಯಿತು.

ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು. ಅದರ ಜೊತೆಗೇ ಇನ್ನೊಂದು ವಿಷಯ ನೆನಪಾಯಿತು. ಮುಂದಿನ ವಾರ ಶುಕ್ರವಾರ ಶಾಲೆಯಲ್ಲಿ 'ನಾನೇ ಬೆಳೆಸಿದ್ದು' ಎಂಬ ಕಾರ್ಯಕ್ರಮ. ಪ್ರತಿಯೊಬ್ಬರೂ ತಾವು ಬೆಳೆಸಿದ್ದನ್ನು ತಂದು ಮೇಜಿನ ಮೇಲಿಡಬೇಕು. ಅವಳ ಹಿಂದಿನ ಬೆಂಚಿನ ವಕೀಲ ಎರಡು ಕಾಲಿನ ಮೂಲಂಗಿ ಬೆಳೆದು, ಅದಕ್ಕೆ ಚಡ್ಡಿ ಬೇರೆ ತೊಡಿಸುತ್ತೇನೆಂದು ಸಾರಿಬಿಟ್ಟಿದ್ದ. ವಕೀಲ ಅಂದರೆ ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವ ಹುಡುಗ. "ಮೂಲಂಗಿ ಏನು ಮಹಾ! ನನ್ನ ಹೂವಿನ ವಾಸನೆ ಇಡೀ ಕ್ಲಾಸಿಗೆ ಬರುತ್ತೆ, ನೋಡ್ತಿರು" ಎಂದು ಇನ್ಸ್‌ಪೆಕ್ಟರ್ ಎಲ್ಲರ ಮುಂದೆ ಹೇಳಿದ್ದಳು. ಹೂವು ಅರಳುವ ಮೊದಲೇ ಹೇಳಿದ್ದಳು.

ಈಗ ವಾಸನೆ ಬರದಿದ್ದರೆ? ವಕೀಲ ವರ್ಷವಿಡೀ ಬಿಡುವುದಿಲ್ಲ.

ಅವತ್ತೇ ಒಂದು ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಗಿಡದ ಪಕ್ಕ ನೆಟ್ಟಳು: 'ಮೂಸಬಾರದು. ಆಜ್ಞೆಯ ಮೇರೆಗೆ.'

ಗುಬ್ಬಿ ಇನ್ನೂ ಶಾಲೆಗೆ ಸೇರಿರಲಿಲ್ಲ, ಓದಲು ಬರುತ್ತಿರಲಿಲ್ಲ. ಆದ್ದರಿಂದ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಓದಿ ಹೇಳಿದಳು.

"ಶುಕ್ರವಾರದ ತನಕ ಯಾರೂ ಮೂಸೋ ಹಾಗಿಲ್ಲ. ನಾನು ದಿನಾ ಒಂದ್ ಸಲ ಮಾತ್ರ ಮೂಸ್ತೀನಿ. ಅದು ಚೆಕಿಂಗ್."

"ನಾನು ಒಂದ್ ಸಲ ಚೆಕಿಂಗ್ ಮಾಡ್ಲಾ?"

"ನೀನು ಮೂಸಿದ್ರೆ ಪೂರ್ತಿ ಖಾಲಿಯಾಗುತ್ತೆ. ನಿನ್ನ ಮೂಗೇ ಅಂಥದ್ದು. ರಬ್ಬರ್ ನೆನಪಿದ್ಯಲ್ಲ?"

ಗುಬ್ಬಿ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡಳು. "ಹೂವು ಸತ್ತೋಗುತ್ತಾ ಅಕ್ಕಾ?"

"ಹೂಂ, ಸತ್ತೇ ಹೋಗುತ್ತೆ" ಎಂದುಬಿಟ್ಟಳು ಇನ್ಸ್‌ಪೆಕ್ಟರ್. ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಆದರೆ ಗುಬ್ಬಿಗೆ ಹೆಚ್ಚಾಗಿ ಹೇಳದಿದ್ದರೆ ತಲೆಗೆ ಹೋಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆಮೇಲಿನ ಎಂಟು ದಿನ ಮನೆಯವರಿಗೆಲ್ಲಾ ಸಾಕುಸಾಕಾಯಿತು. ಅಪ್ಪ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯಲು ಹೋದರೆ, "ಅಪ್ಪಾ, ಉಸಿರು ಮೆಲ್ಲಗೆ!" ಎಂಬ ಕೂಗು. ಅಮ್ಮ ಬಟ್ಟೆ ಒಣಹಾಕುವಾಗ ಒಮ್ಮೆ ಸೀನಿದ್ದಕ್ಕೆ ವಿಚಾರಣೆ. "ಸ್ವಂತ ಮನೇಲಿ ಸೀನೋಕೂ ಪರ್ಮಿಷನ್ ಬೇಕೇನೇ?" ಎಂದು ಅಮ್ಮ ಒದ್ದೆ ಟವೆಲ್ಲನ್ನು ಫಟ್ಟೆಂದು ಕೊಡವಿದಳು. ಗುಬ್ಬಿಯ ಮೇಲಂತೂ ಇನ್ಸ್‌ಪೆಕ್ಟರ್ ಸದಾ ಕಣ್ಣಿಟ್ಟಿದ್ದಳು. ಹಿತ್ತಲಲ್ಲಿ ಕಂಡರೆ ಸಾಕು, ಓಡಿಸುತ್ತಿದ್ದಳು. ಗುಬ್ಬಿ ಏನೋ ಹೇಳಲು ಬಾಯಿ ತೆರೆದರೆ, "ನಡಿ ನಡಿ, ಒಳಗೆ ನಡಿ" ಎನ್ನುತ್ತಿದ್ದಳು.

ಅಚ್ಚರಿಯೆಂದರೆ ಆ ಎಂಟು ದಿನ ಎಲೆಗಳಲ್ಲಿ ಒಂದು ಹೊಸ ತೂತೂ ಬೀಳಲಿಲ್ಲ. ಬಸವನಹುಳುಗಳು ಎಲ್ಲಿಗೆ ಹೋದವೋ! ಅವು ಬೋರ್ಡಿಗೆ ಹೆದರಿರಬೇಕು ಎಂದುಕೊಂಡು ಇನ್ಸ್‌ಪೆಕ್ಟರ್ ಅದನ್ನು ಅಲ್ಲಿಗೇ ಬಿಟ್ಟಳು. ಹೂಗಳು ದಿನದಿನಕ್ಕೂ ಹೆಚ್ಚಾದವು.

ಶುಕ್ರವಾರ ಬೆಳಿಗ್ಗೆ ಇಪ್ಪತ್ತೆರಡು ಹೂಗಳಿದ್ದವು. ಅಷ್ಟನ್ನೂ ಕಿತ್ತಳು. ತೊಟ್ಟುಗಳಿಗೆ ದಾರ ಕಟ್ಟಿ, ಒದ್ದೆ ಹತ್ತಿ ಸುತ್ತಿ, ಖಾಲಿ ಔಷಧಿ ಬಾಟಲಿಯೊಳಗೆ ನಿಲ್ಲಿಸಿದಳು. ಗುಬ್ಬಿ ದೂರದಿಂದಲೇ ನೋಡುತ್ತಿದ್ದಳು.

"ಎಲ್ಲಾ ತಗೊಂಡ್ಹೋಗ್ತೀಯಾ ಅಕ್ಕಾ?"

"ಮತ್ತೆ? ನಿಂಗೆ ಬಿಟ್ಟು ಹೋಗ್ಲಾ?" ಎಂದು ಇನ್ಸ್‌ಪೆಕ್ಟರ್ ಬಾಟಲಿಯನ್ನು ಎದೆಗವುಚಿಕೊಂಡು ಹೊರಟೇಬಿಟ್ಟಳು.

ಕ್ಲಾಸಿನ ಉದ್ದದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದ್ದರು. ಹುರುಳಿಕಾಯಿ ಬಳ್ಳಿ, ಮೂರು ಟೊಮೇಟೊ, ಬೂಷ್ಟು ಹಿಡಿದ ಒಂದು ಬ್ರೆಡ್ಡಿನ ಚೂರು. "ಇದೂ ನಾನೇ ಬೆಳೆಸಿದ್ದು ಮಿಸ್, ಟಿಫಿನ್ ಡಬ್ಬಿಯೊಳಗೆ" ಎಂದು ಬ್ರೆಡ್ಡಿನವನು ವಾದಿಸಿ ಜಾಗ ಗಿಟ್ಟಿಸಿದ್ದ. ವಕೀಲನ ಮೂಲಂಗಿ ನೀಲಿ ಚಡ್ಡಿ ಹಾಕಿಕೊಂಡು ಮೇಜಿನ ತುದಿಯಲ್ಲಿ ಮಲಗಿತ್ತು. ಎಲ್ಲರೂ ಅದರ ಸುತ್ತಲೇ ಮುತ್ತಿಕೊಂಡಿದ್ದರು.

"ನಿನ್ನ ವಾಸನೆ ಎಲ್ಲಿ? ಇಡೀ ಕ್ಲಾಸಿಗೆ ಬರುತ್ತೆ ಅಂದಿದ್ದೆ" ಎಂದ ವಕೀಲ.

"ಹತ್ರ ಬಂದು ಮೂಸು ಮೊದಲು."

ವಕೀಲ ಬಗ್ಗಿ ಮೂಸಿದ. ಅವನ ಹುಬ್ಬುಗಳು ಮೇಲಕ್ಕೆ ಹೋದವು. "ಏ, ಸೂಪರಾಗಿದೆ ಕಣೇ!" ಎಂದು ಬಾಯಿತಪ್ಪಿ ಹೇಳಿಬಿಟ್ಟ. ಇನ್ಸ್‌ಪೆಕ್ಟರಿಗೆ ನೆಲದಿಂದ ಒಂದು ಗೇಣು ಮೇಲೆ ನಿಂತಂತಾಯಿತು.

ಮರುಕ್ಷಣ ವಕೀಲ ಮತ್ತೆ ಬಗ್ಗಿದ. ಮೂಸಿದ. ಮುಖ ಗಂಟಿಕ್ಕಿದ. "ಈಗಿಲ್ವಲ್ಲ?"

ಅವನ ಹಿಂದೆ ಸಾಲು ನಿಂತಿತು. ಒಬ್ಬೊಬ್ಬರೂ ಮೂಸಿ "ಆಹಾ" ಎನ್ನುವುದು, ಇನ್ನೊಮ್ಮೆ ಮೂಸಿ "ಅಯ್ಯೋ, ಹೋಯ್ತು" ಎನ್ನುವುದು. ಯಾರೂ ಒಂದು ಸಲಕ್ಕೆ ಬಿಡುವವರಲ್ಲ. ಇನ್ಸ್‌ಪೆಕ್ಟರ್ ಬಾಟಲಿಗೆ ಎರಡೂ ಕೈ ಅಡ್ಡ ಹಿಡಿದು, "ಒಬ್ಬೊಬ್ರಿಗೆ ಒಂದೇ ಸಲ! ಒಂದೇ ಸಲ ಅಂದ್ನಲ್ಲ!" ಎಂದು ಕೂಗುತ್ತಲೇ ಇದ್ದಳು. ಯಾರು ಕೇಳಬೇಕು?

"ಗೊತ್ತಾಯ್ತು ಬಿಡಿ" ಎಂದ ವಕೀಲ, ಎಲ್ಲರಿಗೂ ಕೇಳಿಸುವ ಹಾಗೆ. "ಇವಳು ಮನೇಲಿ ಸೆಂಟ್ ಹೊಡ್ಕೊಂಡ್ ಬಂದಿದ್ದಾಳೆ. ಅದು ಆರಿಹೋಗ್ತಿದೆ. ಮಿಸ್, ಇದು ಚೀಟಿಂಗ್!"

"ನಮ್ಮನೇಲಿ ಸೆಂಟೇ ಇಲ್ಲ! ಬ್ಲೀಚ್ ಬಿಟ್ರೆ ಬೇರೆ ವಾಸನೇನೇ ಇಲ್ಲ!"

"ಹಾಗಾದ್ರೆ ಎಲ್ಲಿಗೆ ಹೋಯ್ತು?"

"ನೀವೆಲ್ಲಾ ಮೂಸಿ ಮೂಸಿ ಖಾಲಿ ಮಾಡಿದ್ರಿ!"

ಕ್ಲಾಸು ಗೊಳ್ಳೆಂದಿತು. ವಿಜ್ಞಾನದ ಮಿಸ್ ಕೂಡ ತುಟಿ ಕಚ್ಚಿಕೊಂಡರು. "ಮೂಸಿದ್ರೆ ಖಾಲಿಯಾಗೋಕೆ ಅದೇನು ಜ್ಯೂಸಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಇನ್ಸ್‌ಪೆಕ್ಟರಿಗೆ ಅಳು ಒತ್ತರಿಸಿಕೊಂಡು ಬಂತು. ಒಂದೂವರೆ ವರ್ಷ! ಹುಳು ಆರಿಸಿ, ಎಲೆಗೊಬ್ಬರ ಹಾಕಿ, ಉಸಿರು ಬಿಗಿಹಿಡಿದು ಕಾಪಾಡಿದ್ದು ಈ ನಗುವಿಗಾ? ತಾನು ಸುಳ್ಳು ಹೇಳಿಲ್ಲ, ಹೇಳಿಲ್ಲ, ಹೇಳಿಲ್ಲ. ಅದನ್ನು ಹೇಳಿದರೆ ನಂಬುವವರೇ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಜಿರಾಫೆ ಕಾಣಿಸಿಕೊಂಡಳು. ಕ್ಲಾಸಿನಲ್ಲೇ ಎತ್ತರದ ಹುಡುಗಿ. ಹಾಜರಿ ಪುಸ್ತಕ ಕೊಡಲು ಆಫೀಸಿಗೆ ಹೋಗಿದ್ದವಳು ಆಗಷ್ಟೇ ಬಂದಿದ್ದಳು. ಒಳಗೆ ನಡೆದದ್ದು ಅವಳಿಗೆ ಒಂದೂ ಗೊತ್ತಿರಲಿಲ್ಲ. ಮೇಜಿನ ಹತ್ತಿರ ಬಂದವಳೇ ಉದ್ದ ಕತ್ತು ಬಗ್ಗಿಸಿದಳು.

"ವಾವ್! ಇದೇನೇ ಇಷ್ಟು ಘಮ್ಮಂತಿದೆ!"

ಎಲ್ಲರೂ ಅವಳ ಕಡೆ ತಿರುಗಿದರು.

"ಏನೂ ಇಲ್ಲ ಅದ್ರಲ್ಲಿ" ಎಂದ ವಕೀಲ.

"ನಿನ್ನ ಮೂಗು ಕಟ್ಟಿದ್ಯಾ? ಇಲ್ನೋಡು..." ಜಿರಾಫೆ ಎರಡನೆಯ ಸಲ ಮೂಸಿದಳು. "ಅರೇ. ಎಲ್ಲಿ ಹೋಯ್ತು?"

ಇನ್ಸ್‌ಪೆಕ್ಟರ್ ಅಳು ನುಂಗಿಕೊಂಡು ನೆಟ್ಟಗೆ ನಿಂತಳು. ಇಪ್ಪತ್ತು ಜನ ಮೂಸಿ ಖಾಲಿಯಾಗಿದ್ದರೆ ಜಿರಾಫೆಗೆ ಹೇಗೆ ಸಿಕ್ಕಿತು? ಈಗ ತುಂಬಿಕೊಳ್ಳಲು ರಾತ್ರಿಯೂ ಆಗಿಲ್ಲ. ಹಾಗಾದರೆ ಟ್ಯಾಂಕಿನ ಲೆಕ್ಕ ತಪ್ಪು. ಹೂವಿನಲ್ಲಿ ವಾಸನೆ ಇದೆ, ಮೂಗಿಗೆ ಗೊತ್ತಾಗುತ್ತಿಲ್ಲ. ಅಮ್ಮ ಹೇಳಿದ ಬ್ಲೀಚ್! ಲಾಂಡ್ರಿಯಲ್ಲಿ ಬ್ಲೀಚ್ ಎಲ್ಲಿಗೂ ಹೋಗುವುದಿಲ್ಲ, ಅಮ್ಮನ ಮೂಗು ಸುಮ್ಮನಾಗುತ್ತದೆ ಅಷ್ಟೇ.

"ಮಿಸ್! ಇವನನ್ನ ಹೊರಗೆ ಕಳಿಸಿ!"

"ನನ್ನನ್ಯಾಕೆ? ನಾನೇನ್ ಮಾಡ್ದೆ?" ಎಂದು ವಕೀಲ ಎಗರಾಡಿದ.

"ಎರಡು ನಿಮಿಷ ಕಾರಿಡಾರಲ್ಲಿ ನಿಂತು ಬಾ. ಆಮೇಲೆ ಮೂಸು. ಆಗಲೂ ಬರ್ಲಿಲ್ಲ ಅಂದ್ರೆ ನಾನು ಚೀಟರ್ ಅಂತ ಬೋರ್ಡ್ ಮೇಲೆ ಬರಿ."

ಮಿಸ್ಸಿಗೂ ಕುತೂಹಲವಾಯಿತು. ಗಡಿಯಾರ ನೋಡಿ, "ಹೋಗಿ ಬಾ" ಎಂದರು. ವಕೀಲ ಗೊಣಗುತ್ತಾ ಹೋದ. ಎರಡು ನಿಮಿಷ ಇಡೀ ಕ್ಲಾಸು ಪಿಸುಗುಟ್ಟಿತು. ಇನ್ಸ್‌ಪೆಕ್ಟರ್ ಬಾಟಲಿ ಹಿಡಿದು ನಿಂತಿದ್ದಳು.

ವಕೀಲ ಬಂದ. ಬೇಕೆಂದೇ ನಿಧಾನಕ್ಕೆ ಬಗ್ಗಿದ. ಮೂಸಿದ. ಬಾಯಿ ತೆರೆದ, ಮುಚ್ಚಿದ.

"ಹೇಳೋ!" ಎಂದು ಎಲ್ಲರೂ ಕೂಗಿದರು.

"ಇದೆ" ಎಂದ ವಕೀಲ, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು. "ಮೊದಲಿನಷ್ಟೇ ಇದೆ."

ಆಮೇಲೆ ಕಾರಿಡಾರು ತುಂಬಿಹೋಯಿತು. ಎಲ್ಲರೂ ಹೊರಗೋಡುವುದು, ಒಳಗೆ ಬಂದು ಮೂಸುವುದು, ಕಿರುಚುವುದು. ಪಕ್ಕದ ಕ್ಲಾಸಿನ ಸರ್ ಎದ್ದು ಬಂದು, "ಏನ್ರೀ ಇದು ಸಂತೆ?" ಎಂದು ಕೇಳಿ, ಕೊನೆಗೆ ತಾವೂ ಮೂಸಿ ಹೋದರು. "ಈ ಹೂವಿನ ಪರಿಮಳ ನಮ್ಮ ಮೂಗನ್ನ ಸ್ವಲ್ಪ ಹೊತ್ತು ಮಂಕು ಮಾಡುತ್ತೆ. ಅದನ್ನ ಇವಳು ನಮಗೆ ತೋರಿಸಿಕೊಟ್ಟಳು" ಎಂದು ಮಿಸ್ ಅವಳ ಬೆನ್ನು ತಟ್ಟಿದರು. ಎಲ್ಲರೂ ಹೂವು ಕೇಳಿದರು. ಅವಳು ಖುಷಿಯಲ್ಲಿ ಕೈಬಿಚ್ಚಿ ಕೊಟ್ಟಳು. ಮಿಸ್ಸಿಗೆ ಎರಡು, ಜಿರಾಫೆಗೆ ಎರಡು, ವಕೀಲನ ಮೂಲಂಗಿಯ ಚಡ್ಡಿಗೆ ಸಿಕ್ಕಿಸಲು ಒಂದು.

ಶಾಲೆ ಬಿಟ್ಟಾಗ ಬಾಟಲಿಯಲ್ಲಿ ಮೂರೇ ಹೂವು ಉಳಿದಿದ್ದವು. ಅವೂ ಸ್ವಲ್ಪ ಬಾಡಿದ್ದವು.

ಮನೆಗೆ ಬಂದವಳೇ ಇನ್ಸ್‌ಪೆಕ್ಟರ್ ಬ್ಯಾಗು ಎಸೆದು, "ಅಮ್ಮಾ, ನಾನು ಗೆದ್ದೆ!" ಎಂದು ಕೂಗಿದಳು. ಅಮ್ಮ ಇನ್ನೂ ಬಂದಿರಲಿಲ್ಲ. ಅಪ್ಪ ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ. ಹಿತ್ತಲ ಬಾಗಿಲು ತೆರೆದಿತ್ತು.

ಬಾಟಲಿ ಹಿಡಿದುಕೊಂಡೇ ಅವಳು ಹಿತ್ತಲಿಗೆ ಹೋದಳು. ಗುಬ್ಬಿ ಗಿಡಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಕಡ್ಡಿ. ಎಲೆ ಎತ್ತಿ, ಬಸವನಹುಳುವನ್ನು ಕಡ್ಡಿಯಿಂದ ಬಿಡಿಸಿ, ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳು. ಮೂಗಿಗೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದಳು.

"ಏಯ್! ಏನ್ ಮಾಡ್ತಿದ್ದೀಯ ಅಲ್ಲಿ?"

ಗುಬ್ಬಿ ಗಡಬಡಿಸಿ ಎದ್ದಳು. ಡಬ್ಬಿ ಉರುಳಿತು. "ಹುಳ ತೆಗೀತಿದ್ದೆ ಅಕ್ಕಾ" ಎಂದಳು. ಕ್ಲಿಪ್ಪಿನಿಂದಾಗಿ ದನಿ ಕೊಳವೆಯೊಳಗಿಂದ ಬಂದ ಹಾಗಿತ್ತು. "ನಾನು ಮೂಸ್ಲಿಲ್ಲ. ಅಮ್ಮನಾಣೆ."

"ಇವತ್ತು ಮಾತ್ರಾನಾ?"

"ಇಲ್ಲ. ದಿನಾ ನೀನು ಸ್ಕೂಲಿಗೆ ಹೋದ್ಮೇಲೆ."

"ಮೂಗಿಗೆ ಇದ್ಯಾಕೆ ಹಾಕ್ಕೊಂಡಿದ್ದೀಯ?"

"ಉಸಿರು ತಗೊಂಡಾಗ ಮರೆತು ಮೂಸ್ಬಿಟ್ರೆ? ಇನ್ನೂ ಮೊಗ್ಗಿದೆ, ಅದೂ ಸತ್ತೋಗುತ್ತಲ್ಲ."

ಇನ್ಸ್‌ಪೆಕ್ಟರ್ ಎಂಟು ದಿನದಿಂದ ಒಂದು ತೂತೂ ಬೀಳದ ಎಲೆಗಳನ್ನು ನೋಡಿದಳು. ಕ್ಲಾಸಿನವರೆಲ್ಲ ಮೂಸಿದರು. ಪಕ್ಕದ ಕ್ಲಾಸಿನ ಸರ್ ಮೂಸಿದರು. ಮೂಲಂಗಿಗೂ ಒಂದು ಹೂವು ಸಿಕ್ಕಿತು. ಅವಳಿಗೆ ತನ್ನ ಮೇಲೆಯೇ ಕೆಟ್ಟ ಕೋಪ ಬಂತು.

ಅವಳು ಹತ್ತಿರ ಹೋಗಿ ಗುಬ್ಬಿಯ ಮೂಗಿನ ಕ್ಲಿಪ್ಪನ್ನು ಮೆಲ್ಲಗೆ ತೆಗೆದಳು. ಮೂಗಿನ ಎರಡೂ ಬದಿ ಕೆಂಪಗೆ ಗುರುತು ಬಿದ್ದಿತ್ತು. ಬಾಟಲಿಯನ್ನು ಮುಂದೆ ಹಿಡಿದಳು.

"ಮೂಸು."

ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡ."

"ಮೂಸೇ, ಏನೂ ಆಗಲ್ಲ."

"ಆಮೇಲೆ ಬೈಯಲ್ವಾ?"

"ಬೈಯಲ್ಲ."

ಗುಬ್ಬಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗಿನ ತುದಿಯನ್ನಷ್ಟೇ ಮುಂದೆ ಚಾಚಿ ಮೂಸಿದಳು. ಅವಳ ಮುಖ ಪೂರ್ತಿ ಬಿಚ್ಚಿಕೊಂಡಿತು. ಇನ್ಸ್‌ಪೆಕ್ಟರಿಗೂ ನಗು ಬಂತು. ಗುಬ್ಬಿ ತಡೆಯಲಾರದೆ ಇನ್ನೊಮ್ಮೆ ಮೂಸಿದಳು.

ಮುಖ ಸಟ್ಟನೆ ಬಿಳಿಚಿಕೊಂಡಿತು. ಅವಳು ಗೋಡೆಗೆ ಬೆನ್ನು ಒತ್ತಿ ನಿಂತಳು. ಕಣ್ಣಲ್ಲಿ ನೀರು ತುಂಬಿತು. "ಹೋಯ್ತು ಅಕ್ಕಾ. ಖಾಲಿ ಮಾಡ್ಬಿಟ್ಟೆ. ನಾನ್ ಬೇಕಂತ ಮಾಡ್ಲಿಲ್ಲ."

ತನ್ನನ್ನು ನೋಡಿ ಇಷ್ಟು ಹೆದರುವ ಮುಖವನ್ನು ಇನ್ಸ್‌ಪೆಕ್ಟರ್ ಇದುವರೆಗೆ ಸರಿಯಾಗಿ ನೋಡಿರಲಿಲ್ಲ. ವಕೀಲ ಚೀಟಿಂಗ್ ಎಂದಾಗ ತನ್ನ ಮುಖವೂ ಹೀಗೇ ಆಗಿತ್ತೇನೋ. ಆದರೆ ತನ್ನನ್ನು ಎರಡು ನಿಮಿಷದಲ್ಲಿ ನಂಬಿದರು.

ಅವಳು ಗುಬ್ಬಿಯ ಪಕ್ಕ ನೆಲದ ಮೇಲೆ ಕುಳಿತಳು. ತಾನೂ ಎರಡು ಸಲ ಮೂಸಿದಳು. "ನೋಡು, ನಂಗೂ ಹೋಯ್ತು. ನೀನು ಖಾಲಿ ಮಾಡಿದ್ದಲ್ಲ, ಹೂವಲ್ಲೇ ಇದೆ. ಮೂಗಿಗೆ ಸ್ವಲ್ಪ ರೆಸ್ಟ್ ಬೇಕಂತೆ. ಕೂತ್ಕೋ. ನೂರರ ತನಕ ಎಣಿಸು."

ಗುಬ್ಬಿ ಕುಳಿತಳು. ನಂಬಿಕೆ ಬಂದಿರಲಿಲ್ಲ. ಆದರೂ ಎಣಿಸಿದಳು. ಇಪ್ಪತ್ತೊಂಬತ್ತಾದ ಮೇಲೆ ಐವತ್ತು ಅಂದಳು. ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರ್ ಅಲ್ಲೇ ಹಿಡಿಯುತ್ತಿದ್ದಳು. ಇವತ್ತು ಸುಮ್ಮನಿದ್ದಳು. ಉರುಳಿದ ಡಬ್ಬಿಯಿಂದ ಒಂದು ಬಸವನಹುಳು ಹೊರಬಂದು ಆರಾಮವಾಗಿ ಎಲೆಯ ಕಡೆಗೆ ಹೊರಟಿತು.

"ನೂರು. ಈಗ?"

"ಈಗ ಮೂಸು."

ಗುಬ್ಬಿ ಮೂಸಿದಳು. ಉಸಿರು ಹಾಗೇ ಹಿಡಿದುಕೊಂಡು ಅಕ್ಕನನ್ನು ನೋಡಿದಳು.

"ವಾಪಸ್ ಬಂತು!"

"ಬಂತಲ್ಲ?"

"ಹೂಂ!" ಗುಬ್ಬಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು. "ಅಕ್ಕಾ, ಮೊದಲ ದಿನ ನೀನು ಬೈದ್ಯಲ್ಲ, ಅವತ್ತೂ ವಾಪಸ್ ಬಂದಿತ್ತಾ?"

ಇನ್ಸ್‌ಪೆಕ್ಟರ್ ಕಾಲ ಬಳಿಯ ಮಣ್ಣನ್ನು ಬೆರಳಿನಿಂದ ಕೆದಕಿದಳು.

"ಬಂದಿರುತ್ತೆ ಕಣೇ" ಎಂದಳು. "ನಾನೇ ಕಾಯ್ಲಿಲ್ಲ."

ಗುಬ್ಬಿ ಆಗಲೇ ಮತ್ತೆ ಒಂದರಿಂದ ಎಣಿಸಲು ಶುರುಮಾಡಿದ್ದಳು.